ಮಾರ್ಗದರ್ಶಿ ಗ್ರಂಥಕಾರನ ವೃತ್ತಿ: ತಿರುವೊಟ್ಟಿಯೂರಿನ ನಿದರ್ಶನ

ಕನ್ನಡದ ಪ್ರವಾಸ ಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಪ್ರವಾಸ ಕಥನಕ್ಕೆ ಸೀಮಿತವಾಗಿ ಬೆಳೆದಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಮೊದಲಾದ ಕೃತಿಗಳ ಚರ್ಚೆಯಲ್ಲಿ ಲೇಖಕನ ವ್ಯಕ್ತಿತ್ವ, ಅವನ ವಿನೋದ, ಅನ್ಯ ಸಂಸ್ಕೃತಿಯನ್ನು ಅವನು ಕಂಡ ಬಗೆ ಇವು ಮುಖ್ಯವಾಗುತ್ತವೆ. ಪ್ರವಾಸದ ವೆಚ್ಚವನ್ನು ಯಾರು ಭರಿಸಿದರು, ಒಂದು ಊರಿನಲ್ಲಿ ಎಷ್ಟು ದಿನ ನಿಲ್ಲಲು ಸಾಧ್ಯವಾಯಿತು, ಬರೆದುದಕ್ಕೆ ಪ್ರತಿಫಲವಾಗಿ ಏನು ದೊರೆಯಿತು ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಏಳಬೇಕಾದ ಅಗತ್ಯವೂ ಅಷ್ಟಾಗಿ ಕಂಡಿಲ್ಲ. ಏಕೆಂದರೆ ನಮ್ಮ ಪ್ರವಾಸ ಕಥನಕಾರರಲ್ಲಿ ಹೆಚ್ಚಿನವರು ವ್ಯಾಸಂಗಕ್ಕಾಗಿಯೋ ಆಹ್ವಾನದ ಮೇಲೆಯೋ ಬಂಧುಗಳನ್ನು ಕಾಣುವುದಕ್ಕೋ ಹೋದವರು. ಬರವಣಿಗೆ ಅವರ ಪ್ರವಾಸದ ಫಲವೇ ಹೊರತು ಅದರ ಕಾರಣವಲ್ಲ.

ಪ್ರವಾಸಿ ಮಾರ್ಗದರ್ಶಿಯನ್ನು ಬರೆಯುವವನ ಸ್ಥಿತಿ ಬೇರೆ. ಅವನು ಬರೆಯುವುದಕ್ಕಾಗಿಯೇ ಹೋಗುತ್ತಾನೆ. ಬರೆದುದು ಮಾರಾಟವಾದರೆ ಮಾತ್ರ ಮುಂದಿನ ಊರಿಗೆ ಹೋಗಬಲ್ಲ. ಅವನ ಪುಸ್ತಕ ಬಸ್ ನಿಲ್ದಾಣದ ಅಂಗಡಿಯಲ್ಲಿ ಪಂಚಾಂಗ, ವ್ರತಕಥೆಗಳ ನಡುವೆ ತೂಗುತ್ತಿರುತ್ತದೆ. ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಒಂದು ಭಾಷೆಯನ್ನಾಡುವ ಜನ ತಮ್ಮ ನಾಡಿನ ಹೊರಗಿನ ಒಂದು ಕ್ಷೇತ್ರದ ಮುಂದೆ ನಿಂತಾಗ ಏನನ್ನು ನೋಡುತ್ತಾರೆ, ಏನನ್ನು ನೋಡದೆ ಮುಂದೆ ಸಾಗುತ್ತಾರೆ ಎಂಬುದನ್ನು ಬಹುಪಾಲು ನಿರ್ಧರಿಸುವವನು ಈ ಅಜ್ಞಾತ ಲೇಖಕನೇ. ಮದರಾಸಿನ ಉತ್ತರಕ್ಕೆ, ಸೇಂಟ್ ಜಾರ್ಜ್ ಕೋಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಕಡಲ ಅಂಚಿಗೆ ಇರುವ ತಿರುವೊಟ್ಟಿಯೂರು ಇದಕ್ಕೆ ಒಳ್ಳೆಯ ನಿದರ್ಶನ. ಕನ್ನಡಿಗನಿಗೆ ಹೇಳಬೇಕಾದ ಸಂಗತಿಗಳು ಅಲ್ಲಿ ಹೇರಳವಾಗಿವೆ. ಅವು ಅವನಿಗೆ ತಲುಪದಿರುವುದಕ್ಕೆ ಅಜ್ಞಾನಕ್ಕಿಂತ ಹೆಚ್ಚಾಗಿ ಈ ವೃತ್ತಿಯ ಆರ್ಥಿಕ ಸ್ವರೂಪವೇ ಕಾರಣವೆಂದು ತೋರುತ್ತದೆ.

ಮಾರ್ಗದರ್ಶಿ ಗ್ರಂಥಕ್ಕೆ ನಮ್ಮಲ್ಲಿ ಪೂರ್ವಜರಿಲ್ಲದಿಲ್ಲ. ಸ್ಥಳಪುರಾಣ ಒಂದರ್ಥದಲ್ಲಿ ಅದೇ ಕೆಲಸ ಮಾಡುತ್ತದೆ: ಯಾವ ತೀರ್ಥದಲ್ಲಿ ಮೀಯಬೇಕು, ಯಾವ ತಿಂಗಳಲ್ಲಿ ಬರಬೇಕು, ಬಂದರೆ ಫಲವೇನು ಎಂದು ತಿಳಿಸುತ್ತದೆ. ದಾರಿಯ ವಿಚಾರವನ್ನು ಮಾತ್ರ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಿದ ಮೊದಲಿಗರಲ್ಲಿ ಏನುಗುಲ ವೀರಾಸ್ವಾಮಿ ಪ್ರಮುಖ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದ್ವಿಭಾಷಿಯಾಗಿದ್ದ ಈತ 1830ರ ಮೇ 18ರಂದು ದೊಡ್ಡ ಪರಿವಾರದೊಡನೆ ಕಾಶಿಗೆ ಹೊರಟು, 1831ರ ಸೆಪ್ಟೆಂಬರ್ 3ರಂದು ಹಿಂದಿರುಗಿದ. ದಾರಿಯಲ್ಲಿ ತಂಗಿದ ಊರುಗಳಲ್ಲಿ ಅಂಗಡಿಯುಂಟೇ, ನೀರು ಹೇಗಿದೆ, ರಸ್ತೆ ಎಂಥದು ಎಂಬುದನ್ನು ಬಿಡದೆ ಗೆಳೆಯ ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆಗೆ ತೆಲುಗಿನಲ್ಲಿ ಬರೆದು ಕಳುಹಿಸಿದ. ಅವನು ತೀರಿಕೊಂಡ ಮೇಲೆ, 1838ರಲ್ಲಿ, ‘ಕಾಶೀಯಾತ್ರಾ ಚರಿತ್ರ’ ಎಂದು ಅದು ಅಚ್ಚಾಯಿತು. ವೀರಾಸ್ವಾಮಿ ಇಷ್ಟು ಶ್ರದ್ಧೆಯಿಂದ ಬರೆದದ್ದು ಹಣಕ್ಕಾಗಿ ಅಲ್ಲ. ಅವನಿಗೆ ಉದ್ಯೋಗವಿತ್ತು, ಅನುಕೂಲವಿತ್ತು. 1859ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನಕ್ಕಾಗಿ ಮದರಾಸು ಪ್ರಾಂತದ ಕೈಪಿಡಿಯನ್ನು ಸಿದ್ಧಪಡಿಸಿದ ಎಡ್ವರ್ಡ್ ಈಸ್ಟ್‌ವಿಕ್‌ನದೂ ಹೆಚ್ಚು ಕಡಮೆ ಅದೇ ಸ್ಥಿತಿ. ಅವನು ಕಂಪನಿಯ ಸೇವೆಯಲ್ಲಿದ್ದವನು. ಹೇಲಿಬರಿ ಕಾಲೇಜಿನಲ್ಲಿ ಪಾಠ ಹೇಳಿದವನು.

ಬರವಣಿಗೆಯನ್ನೇ ಬದುಕಾಗಿ ಮಾಡಿಕೊಂಡು, ಸಂಬಳದ ಆಸರೆಯಿಲ್ಲದೆ ಊರೂರು ತಿರುಗಿದವರು ದಕ್ಷಿಣ ಭಾರತದ ಭಾಷೆಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ ಕಾಣಿಸುತ್ತಾರೆ. ತಮಿಳಿನಲ್ಲಿ ಎ.ಕೆ. ಚೆಟ್ಟಿಯಾರ್ (1911–1983) ಲೋಕವನ್ನು ಸುತ್ತಿ ಬರೆದುದಲ್ಲದೆ ‘ಕುಮರಿ ಮಲರ್’ ಎಂಬ ಮಾಸಿಕವನ್ನು ನಡೆಸಿದರು. ಗಾಂಧೀಜಿಯವರನ್ನು ಕುರಿತ ಸಾಕ್ಷ್ಯಚಿತ್ರವನ್ನು 1940ರಲ್ಲಿ ಹೊರತಂದರು. ತಮಿಳುನಾಡಿನ ಊರುಗಳನ್ನು ಕುರಿತು ಹಿಂದಿನವರು ಬರೆದಿದ್ದ ಯಾತ್ರಾ ಲೇಖನಗಳನ್ನು ಹುಡುಕಿ ಸಂಕಲಿಸಿದರು. ಸೋಮಲೆ ಎಂಬ ಹೆಸರಿನಿಂದ ಪ್ರಸಿದ್ಧರಾದ ಲಕ್ಷ್ಮಣನ್ ಚೆಟ್ಟಿಯಾರರು ಜಿಲ್ಲೆ ಜಿಲ್ಲೆಯನ್ನೂ ಕುರಿತು ಪುಸ್ತಕ ಬರೆದರು. ಕನ್ನಡದಲ್ಲಿ ಇಂಥ ಸ್ವತಂತ್ರ ಜೀವನಕ್ಕೆ ಮೊದಲು ನೆನಪಾಗುವ ಹೆಸರು ಶಿವರಾಮ ಕಾರಂತರದು. ಆದರೆ ಅವರ ಪ್ರವಾಸವನ್ನು ಪೊರೆದದ್ದು ಪ್ರವಾಸ ಕೃತಿಗಳೊಂದೇ ಅಲ್ಲ. ಕಾದಂಬರಿ, ಪಠ್ಯಪುಸ್ತಕ, ವಿಶ್ವಕೋಶ, ಮುದ್ರಣಾಲಯ ಎಲ್ಲವೂ ಸೇರಿ ಆ ಭಾರವನ್ನು ಹೊತ್ತವು. ಇನ್ನೂ ಹತ್ತಿರದ ಉದಾಹರಣೆ ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002). ಅಮೆರಿಕದಲ್ಲಿ ವಿಜ್ಞಾನದ ಉನ್ನತ ವ್ಯಾಸಂಗ ಮಾಡಿ ಮರಳಿದ ಅವರು ಕ್ಯಾಮೆರಾ ಮತ್ತು ಟಿಪ್ಪಣಿ ಪುಸ್ತಕವನ್ನು ಹಿಡಿದು ರಾಜಸ್ಥಾನ, ಬಂಗಾಳ, ಬಸ್ತರಗಳನ್ನು ಸುತ್ತಿದರು. ‘ನಾ ರಾಜಸ್ಥಾನದಲ್ಲಿ’, ‘ವಂಗದರ್ಶನ’ ಮೊದಲಾದ ಅವರ ಪುಸ್ತಕಗಳಲ್ಲಿ ಕಥನ ಮತ್ತು ಮಾಹಿತಿಗಳ ನಡುವಣ ಗಡಿ ಅಳಿಸಿಹೋಗಿದೆ. ಅವರ ಬರವಣಿಗೆಯನ್ನು ಸಾಹಿತ್ಯ ವಿದ್ಯಾರ್ಥಿಗಳು ಇನ್ನೂ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಾಗಿದೆ.

ಈ ವೃತ್ತಿಯ ದೈನಂದಿನ ಸ್ವರೂಪವನ್ನು ತುಸು ಗಮನಿಸಬೇಕು. ಮಾರ್ಗದರ್ಶಿ ಬರೆಯುವವನಿಗೆ ಪ್ರಕಾಶಕನು ಎರಡು ರೀತಿಯಲ್ಲಿ ಹಣ ಕೊಡುವುದುಂಟು. ಮುದ್ರಿತ ಬೆಲೆಯ ಮೇಲೆ ಶೇಕಡಾ ಹತ್ತರಷ್ಟು ಗೌರವಧನ ಕನ್ನಡದಲ್ಲಿ ರೂಢಿಯಲ್ಲಿರುವ ಕ್ರಮ. ಹಸ್ತಪ್ರತಿಯನ್ನು ಒಪ್ಪಿಸಿದಾಗ ಒಂದು ಇಡುಗಂಟನ್ನು ಕೊಟ್ಟು ಹಕ್ಕನ್ನೆಲ್ಲ ಪಡೆದುಕೊಳ್ಳುವುದು ಇನ್ನೊಂದು ಕ್ರಮ. ಅಗ್ಗದ ಮಾರ್ಗದರ್ಶಿಗಳಲ್ಲಿ ಇದೇ ಹೆಚ್ಚು. ಎರಡರಲ್ಲಿಯೂ ಪ್ರಯಾಣ, ವಸತಿ, ಊಟಗಳ ಖರ್ಚು ಲೇಖಕನ ಜೇಬಿನಿಂದಲೇ ಮೊದಲು ಹೋಗಬೇಕು. ಮೂವತ್ತು ಕ್ಷೇತ್ರಗಳ ಪುಸ್ತಕಕ್ಕೆ ಊರಿಗೆ ಮೂರು ದಿನದಂತೆ ಲೆಕ್ಕ ಹಾಕಿದರೂ ತೊಂಬತ್ತು ದಿನಗಳ ತಿರುಗಾಟ. ಅರ್ಧ ದಿನದಂತೆ ಹಾಕಿದರೆ ಹದಿನೈದೇ ದಿನ. ಪ್ರತಿಫಲ ಮಾತ್ರ ಎರಡಕ್ಕೂ ಒಂದೇ. ಈ ಗಣಿತದ ಮುಂದೆ ಒಳ್ಳೆಯ ಸಂಕಲ್ಪಗಳು ನಿಲ್ಲುವುದು ಕಷ್ಟ. ಆದುದರಿಂದ ಸ್ವತಂತ್ರ ಲೇಖಕ ಒಂದೇ ಸಾಮಗ್ರಿಯನ್ನು ಹಲವು ಬಾರಿ ಬಳಸುತ್ತಾನೆ: ಭಾನುವಾರದ ಪುರವಣಿಗೆ ಒಂದು ಲೇಖನ, ದೀಪಾವಳಿ ವಿಶೇಷಾಂಕಕ್ಕೆ ಇನ್ನೊಂದು, ಆಕಾಶವಾಣಿಗೆ ಒಂದು ಭಾಷಣ, ಛಾಯಾಚಿತ್ರಗಳು ಬೇರೆ. ಇದನ್ನು ಕೆಲವರು ಅಗೌರವದಿಂದ ಕಾಣುವುದುಂಟು. ಒಂದು ಸಂಶೋಧನೆಯನ್ನು ಮೂರು ಗೋಷ್ಠಿಗಳಲ್ಲಿ ಓದುವ ವಿದ್ವಾಂಸರು ಹಾಗೆ ಕಾಣಲು ಕಾರಣವಿಲ್ಲ.

ಪುಸ್ತಕ ಅಚ್ಚಾದ ಮೇಲೂ ಕೆಲಸ ಮುಗಿಯುವುದಿಲ್ಲ. ಕಾದಂಬರಿ ಹಳತಾದಂತೆ ಅದರ ಮಾತುಗಳು ಸುಳ್ಳಾಗುವುದಿಲ್ಲ, ಮಾರ್ಗದರ್ಶಿಯವು ಆಗುತ್ತವೆ. ಬಸ್ಸಿನ ಸಂಖ್ಯೆ, ದರ್ಶನದ ವೇಳೆ, ವಸತಿಗೃಹದ ಬಾಡಿಗೆ, ರಸ್ತೆಯ ಹೆಸರು ಎಲ್ಲವೂ ಬದಲಾಗುತ್ತವೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪ್ರಕಾಶಕ ಕಾರ್ಲ್ ಬೇಡೆಕರ್ ಮಿಲಾನಿನ ಚರ್ಚಿನ ಮೆಟ್ಟಿಲುಗಳನ್ನು ಲೆಕ್ಕ ಹಾಕಲು ಇಪ್ಪತ್ತು ಮೆಟ್ಟಿಲಿಗೊಮ್ಮೆ ಒಂದು ಬಟಾಣಿಯನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಳ್ಳುತ್ತಿದ್ದನೆಂಬ ಕಥೆಯಿದೆ. ಕಥೆ ನಿಜವಿರಲಿ ಬಿಡಲಿ, ವೃತ್ತಿಯ ಶೀಲವನ್ನು ಅದು ಸರಿಯಾಗಿ ಹಿಡಿದಿದೆ. ಒಂದೇ ದೂರವನ್ನು ಇಬ್ಬರನ್ನು ಕೇಳುವುದು, ದೇವಾಲಯದ ಬಾಗಿಲಿನ ಫಲಕವನ್ನು ಅಕ್ಷರಶಃ ನಕಲು ಮಾಡಿಕೊಳ್ಳುವುದು, ಹೋಟೆಲಿನವರು ಪುಕ್ಕಟೆಯಾಗಿ ಕೊಟ್ಟ ಕೋಣೆಯ ವಿಷಯದಲ್ಲಿ ಲೇಖನಿಯನ್ನು ಬಿಗಿಹಿಡಿಯುವುದು ಇವೆಲ್ಲ ಅದೇ ಶೀಲದ ಭಾಗ.

ಇಂಥ ಒಬ್ಬ ಲೇಖಕ ಅರ್ಧ ದಿನದ ಮಟ್ಟಿಗೆ ತಿರುವೊಟ್ಟಿಯೂರಿಗೆ ಬಂದನೆನ್ನೋಣ. ಅವನಿಗೆ ದೊರೆಯುವುದಿಷ್ಟು: ತ್ಯಾಗರಾಜಸ್ವಾಮಿ ದೇವಾಲಯ, ಮೂಲದೇವರು ಆದಿಪುರೀಶ್ವರ, ಅಮ್ಮನವರು ವಡಿವುಡೈ ಅಮ್ಮನ್, ಲಿಂಗಕ್ಕೆ ವರ್ಷವೆಲ್ಲ ಕವಚವಿದ್ದು ಕಾರ್ತಿಕ ಹುಣ್ಣಿಮೆಯ ಸಂದರ್ಭದ ಮೂರು ದಿನ ಮಾತ್ರ ತೆಗೆಯುತ್ತಾರೆ, ಅಪ್ಪರ್, ಸಂಬಂಧರ್, ಸುಂದರರ್ ಮೂವರೂ ಹಾಡಿದ ಕ್ಷೇತ್ರ, ಗಾಣಿಗ ಭಕ್ತ ಕಲಿಯ ನಾಯನಾರರ ಊರು, ಕಡಲ ದಂಡೆಯಲ್ಲಿ ಪಟ್ಟಿನತ್ತಾರರ ಸಮಾಧಿ, ಸಂಗೀತಗಾರ ವೀಣಾ ಕುಪ್ಪಯ್ಯರ್ ಅವರ ಸಂಬಂಧ, ಅವರ ಗುರು ತ್ಯಾಗರಾಜರು ಇಲ್ಲಿಯ ತ್ರಿಪುರಸುಂದರಿಯನ್ನು ಕುರಿತು ರಚಿಸಿದ ಐದು ಕೃತಿಗಳು, ರಾಮಲಿಂಗ ಸ್ವಾಮಿಗಳು ನಗರದಿಂದ ನಡೆದು ಬಂದು ಅಮ್ಮನವರನ್ನು ಹಾಡಿದುದು. ಇವೆಲ್ಲ ತಮಿಳಿನ ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಇದನ್ನು ಕನ್ನಡಿಸಿದರೆ ಎರಡು ಪುಟ ತುಂಬುತ್ತದೆ, ತಪ್ಪೂ ಇರುವುದಿಲ್ಲ. ಓದುಗ ತೃಪ್ತನಾಗಿಯೇ ಹಿಂದಿರುಗುತ್ತಾನೆ.

ಇನ್ನೆರಡು ದಿನ ಉಳಿಯಬಲ್ಲವನಿಗೆ ಊರು ಬೇರೆಯಾಗಿ ತೋರುತ್ತದೆ. ಮೊದಲು ಹೆಸರನ್ನೇ ತೆಗೆದುಕೊಳ್ಳಬಹುದು. ತಮಿಳಿನ ಲಿಪಿಯಲ್ಲಿ ಈ ಊರಿನ ಹೆಸರಿನಲ್ಲಿ ಇಮ್ಮಡಿಸಿದ ಶಕಟರೇಫವಿದೆ. ತಮಿಳಿನ ಆ ಒತ್ತಕ್ಷರಕ್ಕೆ ಕನ್ನಡದಲ್ಲಿ ತಕಾರದ ಒತ್ತು ಸಂವಾದಿಯೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಸುತ್ತು, ಹುತ್ತ ಎಂಬ ಶಬ್ದಗಳೇ ಸಾಕ್ಷಿ. ಆ ಪ್ರಕಾರ ತಮಿಳಿನಲ್ಲಿ ಅಡವು ಎಂಬರ್ಥದ ಈ ಶಬ್ದ ಕನ್ನಡದ ‘ಒತ್ತೆ’ಗೆ ಜ್ಞಾತಿ. ಪ್ರಳಯದ ನೀರನ್ನು ಒತ್ತಿ ಹಿಂದಕ್ಕೆ ಕಳುಹಿಸಿದ ಊರು ಎಂದು ಸ್ಥಳಪುರಾಣ ಇನ್ನೊಂದು ವ್ಯುತ್ಪತ್ತಿಯನ್ನು ಹೇಳುತ್ತದೆ. ಅದಕ್ಕೂ ಕನ್ನಡದ ‘ಒತ್ತು’ ಧಾತು ಹೊಂದುತ್ತದೆ. ಯಾವುದು ನಿಜವಾದರೂ ಕನ್ನಡ ಕಿವಿಗೆ ಈ ಊರಿನ ಹೆಸರು ಪರಕೀಯವಲ್ಲ. ನಾವು ಅದನ್ನು ಟಕಾರದಿಂದ ಬರೆಯುವುದು ಈಚಿನ ತಮಿಳು ಉಚ್ಚಾರಣೆಯನ್ನು ಅನುಸರಿಸಿದ ರೂಢಿ. ಪ್ರಾಸಂಗಿಕವಾಗಿ ಇಲ್ಲಿಯ ದೇವರಿಗೆ ‘ಎಳುತ್ತರಿಯುಂ ಪೆರುಮಾನ್’, ಎಂದರೆ ಬರಹವನ್ನು ಬಲ್ಲ ದೇವರು, ಎಂಬ ಹೆಸರುಂಟು. ದೇವಾಲಯಗಳಿಂದ ಕಪ್ಪವನ್ನು ಕೇಳಿದ ಅರಸನ ಓಲೆಯಲ್ಲಿ ಈ ಊರನ್ನು ಬಿಟ್ಟು ಎಂದು ತಾನೇ ಸೇರಿಸಿದನಂತೆ. ತಿದ್ದುಪಡಿ ಮಾಡುವ ದೇವರು ಮಾರ್ಗದರ್ಶಿ ಬರೆಯುವವನಿಗೆ ಒಲಿದರೆ ಒಳ್ಳೆಯದೇ.

ಇನ್ನು ಸಾಹಿತ್ಯದ ಎಳೆ. ಸುಂದರರ್ ಇಲ್ಲಿ ಸಂಗಿಲಿಯನ್ನು ವರಿಸಿ, ಬಿಟ್ಟುಹೋಗುವುದಿಲ್ಲವೆಂದು ಬಕುಳ ವೃಕ್ಷದಡಿಯಲ್ಲಿ ಆಣೆಯಿಟ್ಟು, ಆಣೆಯನ್ನು ಮುರಿದು ಹೋಗುವಾಗ ಕಣ್ಣು ಕಳೆದುಕೊಂಡ ಕಥೆ ಪೆರಿಯ ಪುರಾಣದಲ್ಲಿದೆ. ಮಾಸಿ ತಿಂಗಳ ಉತ್ಸವದಲ್ಲಿ ಆ ಪ್ರಸಂಗವನ್ನು ಇಂದಿಗೂ ಆಚರಿಸುತ್ತಾರೆ. ಈ ಸುಂದರರೇ ಹರಿಹರನ ನಂಬಿಯಣ್ಣ. ಸಂಗಿಲಿಯೇ ಅವನ ಸಂಕಿಲೆ. ‘ನಂಬಿಯಣ್ಣನ ರಗಳೆ’ಯನ್ನು ಪಠ್ಯವಾಗಿ ಓದಿದ ಕನ್ನಡ ವಿದ್ಯಾರ್ಥಿಗಳ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಮದರಾಸಿಗೆ ಬಂದವರೂ ಅನೇಕರಿದ್ದಾರೆ. ಆ ಮರದ ನೆರಳು ನಗರದ ರೈಲಿನ ದಾರಿಯಲ್ಲೇ ಇದೆಯೆಂದು ಅವರಿಗೆ ತಿಳಿಸುವ ಕನ್ನಡದ ಮಾರ್ಗದರ್ಶಿಯನ್ನು ಕಾಣುವುದು ದುರ್ಲಭ. ಹನ್ನೆರಡನೆಯ ಶತಮಾನದ ಎರಡನೆಯ ಅರ್ಧದಲ್ಲಿ ಎರಡನೆಯ ರಾಜಾಧಿರಾಜ ಚೋಳನು ಉತ್ಸವಕಾಲದಲ್ಲಿ ಇಲ್ಲಿಗೆ ಬಂದು ಸುಂದರರ ಪುರಾಣವನ್ನು ಕೇಳಿದನೆಂದು ಶಾಸನವೊಂದು ತಿಳಿಸುತ್ತದೆ. ಹರಿಹರನ ಕಾಲ ಅದಕ್ಕೆ ಬಹಳ ದೂರದ್ದಲ್ಲ. ತಮಿಳು ಭಕ್ತರ ಕಥೆಗಳು ಕನ್ನಡಕ್ಕೆ ಬಂದ ದಾರಿಯನ್ನು ಅರಸುವವರು ಗ್ರಂಥಗಳ ಜೊತೆಗೆ ಇಂಥ ಮಂಟಪಗಳಲ್ಲಿ ನಡೆದ ಪುರಾಣ ಶ್ರವಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಸಭೆಯಲ್ಲಿ ಅರಸನ ಜೊತೆಗೆ ಮಠಾಧಿಪತಿ ಚತುರಾನನ ಪಂಡಿತನೂ ಸೋಮಸಿದ್ಧಾಂತವನ್ನು ವ್ಯಾಖ್ಯಾನಿಸುವ ವಾಗೀಶ್ವರ ಪಂಡಿತನೂ ಇದ್ದರು. ಚತುರಾನನ ಎಂಬುದು ಇಲ್ಲಿಯ ಮಠದಲ್ಲಿ ಪರಂಪರೆಯಾಗಿ ಬಂದ ಹೆಸರು. ಮೊದಲನೆಯ ರಾಜೇಂದ್ರನ ಕಾಲದಲ್ಲಿ ಗಜಪೃಷ್ಠಾಕಾರದ ಗರ್ಭಗೃಹವನ್ನು ಶಿಲೆಯಲ್ಲಿ ಕಟ್ಟಿಸಿದವನೂ ಇದೇ ಹೆಸರಿನ ಒಬ್ಬ ಪಂಡಿತ. ಕಟ್ಟಿದ ಶಿಲ್ಪಿ ವೀರಚೋಳ ತಚ್ಚನ್ ಎಂಬ ಬಿರುದಿನ ರವಿ. ಈ ಮಠವನ್ನು ಕಾಳಾಮುಖ ಸಂಪ್ರದಾಯದ್ದೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಬಳ್ಳಿಗಾವೆಯ ಕೋಡಿಯ ಮಠವನ್ನು ಬಲ್ಲ ಕನ್ನಡಿಗನಿಗೆ ಇದು ಕೂಡಲೇ ಅರ್ಥವಾಗುವ ಸಂಗತಿ. ಅಲ್ಲಿಯಂತೆ ಇಲ್ಲಿಯೂ ಮಠ ವಿದ್ಯಾಸ್ಥಾನಕ್ಕೆ ಸೇರಿಕೊಂಡಿತ್ತು. ಪಾಣಿನಿಯ ವ್ಯಾಕರಣವನ್ನು ಹೇಳಿಕೊಡುವುದಕ್ಕೆಂದೇ ಒಂದು ಮಂಟಪವಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಮೊದಲ ಚತುರಾನನನ ಶಾಸನ. ಅದರ ಕಾಲ ರಾಷ್ಟ್ರಕೂಟ ಮೂರನೆಯ ಕೃಷ್ಣನ ಇಪ್ಪತ್ತನೆಯ ಆಳಿಕೆಯ ವರ್ಷ, ಎಂದರೆ ಸುಮಾರು ಕ್ರಿ.ಶ. 959. ತಮಿಳು ಶಾಸನಗಳು ‘ಕಂಚಿಯನ್ನೂ ತಂಜೆಯನ್ನೂ ಗೆದ್ದ ಕನ್ನರದೇವ’ನೆಂದು ಕರೆಯುವ ಅರಸ ಇವನೇ. ಶಾಸನದ ಸಂಸ್ಕೃತ ಪದ್ಯಗಳ ಪ್ರಕಾರ ಕೇರಳದ ವಲ್ಲಭನೆಂಬುವನು ವಿದ್ಯಾವಂತನಾಗಿ ಚೋಳ ನಾಡಿಗೆ ಬಂದು ಯುವರಾಜ ರಾಜಾದಿತ್ಯನ ಆಪ್ತ ಸಾಮಂತನಾದನು. ಒಡೆಯನು ಯುದ್ಧದಲ್ಲಿ ಮಡಿದಾಗ ಅವನೊಡನೆ ಮಡಿಯಲಾಗದೆ ಹೋದುದಕ್ಕೆ ನೊಂದು, ಗಂಗೆಯಲ್ಲಿ ಮಿಂದು, ತಿರುವೊಟ್ಟಿಯೂರಿನಲ್ಲಿ ನಿರಂಜನ ಗುರುವಿನಿಂದ ದೀಕ್ಷೆ ಪಡೆದು ಚತುರಾನನನಾದನು. ರಾಜಾದಿತ್ಯ ಮಡಿದದ್ದು ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ, 949ರಲ್ಲಿ. ಅವನನ್ನು ಕೊಂದವರ ಅರಸನ ಆಳಿಕೆಯ ವರ್ಷವನ್ನು ನಮೂದಿಸಿಯೇ ಅವನ ಗೆಳೆಯ ತನ್ನ ದುಃಖವನ್ನು ಕಲ್ಲಿನಲ್ಲಿ ಬರೆಸಬೇಕಾಯಿತು.

ಇದೇ ಯುದ್ಧದ ಇನ್ನೊಂದು ಕಲ್ಲು ಕನ್ನಡದಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಆ ಶಾಸನ ಶಕ 872ರದು. ತಕ್ಕೋಲದಲ್ಲಿ ಗಂಗ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದುದನ್ನೂ, ಮೆಚ್ಚಿದ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಅವನಿಗೆ ಕೊಟ್ಟುದನ್ನೂ ಅದು ಹೇಳುತ್ತದೆ. ಬೂತುಗನ ಬಂಟ ಮಣಲೆರ ತನಗೆ ಬೇರೇನನ್ನೂ ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ನಿಂತ ಕಲ್ಲಿನಲ್ಲಿ ಈ ಯುದ್ಧದ ವಾರ್ತೆ ಸೇರಿಕೊಂಡಿತು. ಚೋಳರ ಕಡೆಯ ಲೈಡನ್ ತಾಮ್ರಪಟಗಳು ರಾಜಾದಿತ್ಯ ಆನೆಯ ಮೇಲೆಯೇ ವೀರಮರಣವನ್ನು ಹೊಂದಿದನೆನ್ನುತ್ತವೆ. ಆತಕೂರಿನ ಕಲ್ಲು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಗೆದ್ದವರ ಮನೆಯಲ್ಲಿ ನಾಯಿಗೆ ಸ್ಮಾರಕವಾದ ವರ್ಷಗಳಲ್ಲಿಯೇ ಸೋತವರ ಕಡೆಯ ಒಬ್ಬ ಮನುಷ್ಯ ತಾನು ಬದುಕಿ ಉಳಿದುದಕ್ಕೆ ಪ್ರಾಯಶ್ಚಿತ್ತವೆಂಬಂತೆ ತಿರುವೊಟ್ಟಿಯೂರಿನಲ್ಲಿ ಸಂನ್ಯಾಸಿಯಾಗಿದ್ದನೆಂಬುದು ಅಷ್ಟು ಪರಿಚಿತವಲ್ಲ. ಈ ಎರಡನ್ನೂ ಒಂದೇ ಪುಟದಲ್ಲಿ ಕೂಡಿಸಿ ಹೇಳಿದಾಗ ಮಾತ್ರ ತಕ್ಕೋಲದ ಯುದ್ಧ ಕನ್ನಡಿಗನಿಗೆ ಪೂರ್ಣವಾಗಿ ಕಾಣುತ್ತದೆ.

ಶಾಸನಗಳು ಎಂದೋ ಪ್ರಕಟವಾಗಿವೆ, ಪಂಡಿತರು ಚರ್ಚಿಸಿದ್ದಾರೆ. ಆದರೆ ಆ ಸಂಪುಟಗಳಿಂದ ಸಾಮಾನ್ಯ ಯಾತ್ರಿಕನ ಕೈಯ ಪುಸ್ತಕದವರೆಗೆ ಇರುವ ದಾರಿಯನ್ನು ಯಾರೋ ಒಬ್ಬರು ನಡೆಯಬೇಕು. ವಿಶ್ವವಿದ್ಯಾನಿಲಯದ ಅಧ್ಯಾಪಕನಿಗೆ ಅದು ಕರ್ತವ್ಯದ ಹೊರಗಿನದು. ಸ್ವತಂತ್ರ ಲೇಖಕನಿಗೆ ಅದು ಕರ್ತವ್ಯವೇ, ಆದರೆ ಗ್ರಂಥಲಿಪಿ ಬಾರದು. ಓದಿಸಬೇಕಾದರೆ ಬಲ್ಲವರನ್ನು ಹುಡುಕಬೇಕು. ಗ್ರಂಥಾಲಯದಲ್ಲಿ ಒಂದು ವಾರ ಕೂರಬೇಕು. ಆ ವಾರದ ಊಟದ ಖರ್ಚನ್ನು ಯಾವ ಇಡುಗಂಟೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಲೇ ತಮಿಳು ಶಾಸನಗಳನ್ನೂ ಶೈವ ಮಠಗಳ ಚರಿತ್ರೆಯನ್ನೂ ಬೆದಕಿದ ಬಿ.ಜಿ.ಎಲ್. ಸ್ವಾಮಿಯವರಂಥವರಿಗೆ ಅದು ಸಾಧ್ಯವಾಯಿತು. ಅವರ ‘ತಮಿಳು ತಲೆಗಳ ನಡುವೆ’ ಈ ಬಗೆಯ ಅಲೆದಾಟದಿಂದ ಹುಟ್ಟಿದ ಲವಲವಿಕೆಯ ಪುಸ್ತಕ. ಆದರೆ ಅವರ ಅನ್ನ ಬೇರೆ ಕಡೆಯಿಂದ ಬರುತ್ತಿತ್ತು. ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನವನ್ನು ಬಹುಕಾಲ ಹಿಡಿದು ನಿಲ್ಲಿಸಿದೆ. ಕಾದಂಬರಿಗೂ ಕವನ ಸಂಕಲನಕ್ಕೂ ಅದರಿಂದಾದ ಉಪಕಾರ ದೊಡ್ಡದು. ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕಾದ ಪುಸ್ತಕಕ್ಕೆ ಒಂದು ಬಾರಿಯ ಖರೀದಿಯಿಂದ ಆಗುವ ಪ್ರಯೋಜನ ಮಾತ್ರ ಸ್ವಲ್ಪವೇ. ಕಪಾಟಿನಲ್ಲಿ ಉಳಿಯುವುದು ಹಳೆಯ ಬಸ್ಸಿನ ಸಂಖ್ಯೆ.

ತಿರುವೊಟ್ಟಿಯೂರು ಎಷ್ಟು ಬದಲಾಗಿದೆಯೆಂಬುದನ್ನು ನೋಡಿದರೆ ಪರಿಷ್ಕರಣದ ಭಾರ ತಿಳಿಯುತ್ತದೆ. 1946ರಲ್ಲಿ ಎಂ.ಆರ್.ಎಫ್. ಸಂಸ್ಥೆ ಆಟದ ಬಲೂನುಗಳನ್ನು ತಯಾರಿಸುತ್ತ ಆರಂಭವಾದದ್ದು ಇಲ್ಲಿಯ ಒಂದು ಕೊಟ್ಟಿಗೆಯಲ್ಲಿ. 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ ಮೋಟಾರ್‌ಸೈಕಲ್ಲುಗಳು ಹೊರಬಂದ ಕಾರ್ಖಾನೆಯೂ ಇಲ್ಲಿನದೇ. ಬೆಂಕಿಪೊಟ್ಟಣದ ಕಾರ್ಖಾನೆಯಿಂದ ವಿಮ್ಕೋ ನಗರವೆಂಬ ಹೆಸರು ರೈಲು ನಿಲ್ದಾಣಕ್ಕೆ ಬಂತು. ಪುರಸಭೆಯಾಗಿದ್ದ ಊರು 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. 2021ರಲ್ಲಿ ಮೆಟ್ರೋ ರೈಲು ವಿಮ್ಕೋ ನಗರದವರೆಗೆ ಬಂತು. ಕಡಲಕೊರೆತವನ್ನು ತಡೆಯಲು ದಂಡೆಯುದ್ದಕ್ಕೂ ಬಂಡೆಗಳನ್ನು ಸುರಿದಿದ್ದಾರೆ. ಅದಕ್ಕೆ ಮುಂಚಿನ ಯಾವ ಮಾರ್ಗದರ್ಶಿಯೂ ಪಟ್ಟಿನತ್ತಾರರ ಸಮಾಧಿಯ ಮುಂದಿನ ಕಡಲನ್ನು ಈಗಿರುವಂತೆ ವರ್ಣಿಸಿರಲಾರದು. ಬೈಕಿನ ಮೇಲೆ ಕಾರ್ಖಾನೆಯನ್ನು ನೋಡಲು ಬರುವ ಬೆಂಗಳೂರಿನ ತರುಣರಿಗೆ ದೇವಾಲಯ ಅಲ್ಲಿಂದ ತೀರ ದೂರದಲ್ಲಿಲ್ಲವೆಂಬುದನ್ನೂ ಯಾರಾದರೂ ಹೇಳಬೇಕಾಗಿದೆ.

ಒಂದು ಸಮರ್ಪಕ ಕನ್ನಡ ನಮೂದು ಹೀಗಿರಬಹುದು: ಮೊದಲ ದಿನ ಬೆಳಗ್ಗೆ ಅರಕ್ಕೋಣಂನಲ್ಲಿ ಇಳಿದು ತಕ್ಕೋಲ, ಸಂಜೆಗೆ ಮದರಾಸು, ಮರುದಿನ ತಿರುವೊಟ್ಟಿಯೂರು, ಸಾಧ್ಯವಾದರೆ ಕಾರ್ತಿಕ ಹುಣ್ಣಿಮೆಯ ಸುಮಾರಿನಲ್ಲಿ, ಚೀಲದಲ್ಲಿ ‘ನಂಬಿಯಣ್ಣನ ರಗಳೆ’. ಪ್ರದಕ್ಷಿಣೆ ಬರುವಾಗ ಗರ್ಭಗೃಹದ ಹಿಂಬದಿಯ ದುಂಡನೆಯ ಗೋಡೆಯನ್ನು ನಿಂತು ನೋಡಬೇಕು. ಹಿಂದಿರುಗಿದ ಮೇಲೆ ಬೆಂಗಳೂರಿನಲ್ಲಿ ಆತಕೂರಿನ ಕಲ್ಲು. ಇಷ್ಟನ್ನು ಅಚ್ಚು ಮಾಡಲು ಅರ್ಧ ಪುಟ ಸಾಕು. ಅದನ್ನು ಸರಿಯಾಗಿ ಬರೆಯಬೇಕಾದ ಲೇಖಕನಿಗೆ ಎರಡು ನಗರಗಳಲ್ಲಿ ಕನಿಷ್ಠ ಹತ್ತು ದಿನಗಳ ಕೆಲಸ.